ಒಂದು ಬೆಕ್ಕಿಗೆ ನಾಲ್ಕು ಮಿಠಾಯಿ

ಮಕ್ಕಳು ಬೇಗ ಮಾತು ಕಲಿಯಲಿ ಎಂದು ಹರಕೆ ಹೊರುವ ತಂದೆತಾಯಿಗಳಿಗೆ ನನ್ನದೊಂದು ಕಿವಿಮಾತು: ಅವಸರ ಬೇಡ. ನಾವು ಅವಸರಪಟ್ಟೆವು. ಫಲವಾಗಿ ನಮ್ಮ ಎರಡೂವರೆ ವರ್ಷದ ಮೀನಾಳಿಗೆ ನಾಲ್ಕು ಭಾಷೆ ಬಂದವು, ಮುಂದಿನ ನಾಲ್ಕು ಹಲ್ಲು ಹುಳುಕಾದವು. ಗಡಿಯಂಚಿನ ಆಲಸನತ್ತಂನ ನಮ್ಮ ಮನೆಯಲ್ಲಿ ಭಾಷೆಗೇನೂ ಬರವಿಲ್ಲ ನೋಡಿ. ನನ್ನ ಅವ್ವನದು ಕನ್ನಡ, ಸೂಳಗಿರಿಯಿಂದ ವಾರಕ್ಕೊಮ್ಮೆ ಬರುವ ಅತ್ತೆಯದು ತೆಲುಗು, ಹಗಲೆಲ್ಲ ಮಗುವನ್ನು ಸೊಂಟದಿಂದ ಇಳಿಸದ ಪಕ್ಕದ ಮನೆಯ ಸೆಲ್ವಿ ಅಕ್ಕನದು ತಮಿಳು. ಮಗು ಯಾರ ಮಾತು ಹೆಚ್ಚು ಆಡುತ್ತದೆ ಎಂಬುದು ಮೂವರಿಗೂ ಮಾನದ ಪ್ರಶ್ನೆ. ಅಂಗಳದಲ್ಲಿ ಬೆಕ್ಕು ಕಂಡರೆ ಸಾಕು, "ಬೆಕ್ಕು" ಎಂದದ್ದಕ್ಕೆ ಅವ್ವ ಬೆಲ್ಲದ ಚೂರು ಕೊಡುವಳು, "ಪಿಲ್ಲಿ" ಎಂದದ್ದಕ್ಕೆ ಅತ್ತೆ ಎಳ್ಳುಂಡೆ, "ಪೂನೈ" ಎಂದದ್ದಕ್ಕೆ ಸೆಲ್ವಿ ಅಕ್ಕ ಕಮರ್ಕಟ್ಟು. ಇವರೆಲ್ಲ ಹಳೇ ಕಾಲದವರು ಎಂದು ಒಳಗೊಳಗೇ ನಗುತ್ತಿದ್ದ ನಾನು, ಮುಂದೆ ಎಲ್‌ಕೆಜಿಗೆ ಬೇಕಾಗುತ್ತದೆಂದು, "ಕ್ಯಾಟ್" ಅನ್ನಿಸಿ ಚಾಕಲೇಟು ಕೊಡುತ್ತಿದ್ದೆ.

ಕಾರ್ಖಾನೆಯಲ್ಲಿ ನನ್ನ ಕೆಲಸ ತಪಾಸಣೆ. ಕೂದಲೆಳೆಯಷ್ಟು ಗೀರಿದ್ದರೂ ಬಿಡಿಭಾಗವನ್ನು ವಾಪಸು ಕಳಿಸುವ ಮಹಾನುಭಾವ ನಾನು. ಮಗಳ ಹಲ್ಲು ಕಂದುಬಣ್ಣಕ್ಕೆ ತಿರುಗಿದಾಗ ಮಾತ್ರ ಬೆಲ್ಲದ ಕರೆ ಎಂದುಕೊಂಡು ಎರಡು ತಿಂಗಳು ಬಟ್ಟೆಯಲ್ಲಿ ಒರೆಸಿದೆ. ಕೊನೆಗೆ ಹಲ್ಲಿನ ಡಾಕ್ಟರಮ್ಮನ ಬಳಿ ಹೋದರೆ, ಆಕೆ ಸಿಹಿ ನಿಲ್ಲಿಸಿದರೆ ಕ್ಯಾಪು ಹಾಕಿ ಉಳಿಸಬಹುದು, ಇಲ್ಲದಿದ್ದರೆ ಕೀಳಬೇಕಾದೀತು, ಕಿತ್ತರೆ ಮಾತೂ ತೊದಲಬಹುದು ಎಂದರು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಮನೆಗೆ ಬಂದು ಹೇಳಿದರೆ ಅವ್ವ ನನ್ನ ಮೇಲೇ ಬಿದ್ದಳು. "ಬೆಲ್ಲಕ್ಕೆ ಹಲ್ ಹುಳುಕಾಯ್ತದಾ? ನಾವೆಲ್ಲಾ ತಿಂದಿಲ್ವಾ? ನಿನ್ ಚಾಕ್ಲೇಟಿಂದ್ಲೇ ಕಣ್ಲಾ ಮಗೀನ ಬಾಯಿ ಕೆಟ್ಟೋಗಿದ್ದು!" ಇಷ್ಟು ಹೇಳುವಷ್ಟರಲ್ಲಿ ಸಡಿಲಗೊಂಡ ತನ್ನ ಹಲ್ಲಿನ ಸೆಟ್ಟನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿಕೊಂಡಳು.

ಕ್ಯಾಪು ಹಾಕಿಸಿದೆವು. ಸಿಹಿ ಬಂದ್ ಆಯಿತು. ಅದರ ಜೊತೆಗೆ ಮೀನಾಳ ಮಾತೂ ಬಂದ್ ಆಯಿತು! ಬೆಕ್ಕು ಬಂದರೆ ನೋಡುವಳು, ಅಂಗೈ ಚಾಚುವಳು, ಏನೂ ಬೀಳದಿದ್ದರೆ ಬಾಯಿಗೆ ಬೀಗ. ನಮ್ಮ ಕಾರ್ಖಾನೆಯ ಮುಷ್ಕರಕ್ಕೂ ಇಷ್ಟು ಶಿಸ್ತು ಇರಲಿಲ್ಲ. ಅವ್ವ, ಅತ್ತೆ, ಸೆಲ್ವಿ ಅಕ್ಕ ಮೂವರೂ ಸರದಿಯಲ್ಲಿ "ಮ್ಯಾವ್" ಎಂದು ಕೂಗಿ ಸೋತರು. ಹೀಗೇ ಒಂದು ವಾರ ಕಳೆಯಿತು. "ಹಲ್ಲು ಉಳೀತು, ಮಾತು ಹೋಯ್ತಲ್ರೀ" ಎಂದು ಹೆಂಡತಿ ಕಣ್ಣೊರೆಸಿಕೊಂಡಳು. ನನಗೂ ಊಟ ಸೇರಲಿಲ್ಲ.

ಊಟ ಸೇರಲಿಲ್ಲವಾದ್ದರಿಂದಲೇ ಇರಬೇಕು, ಭಾನುವಾರ ಬೆಳಿಗ್ಗೆ ಬೀರುವಿನಲ್ಲಿ ಉಳಿದಿದ್ದ ಚಾಕಲೇಟುಗಳ ನೆನಪಾಯಿತು. ಮಗುವಿನ ಕೈಗೆ ಸಿಗಬಾರದಲ್ಲ ಎಂಬ ಒಂದೇ ಸದುದ್ದೇಶದಿಂದ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಮೂರನ್ನು ಒಟ್ಟಿಗೇ ಬಾಯಿಗೆ ಹಾಕಿಕೊಂಡೆ. ತಿರುಗಿದರೆ ಮೀನಾ! ನನ್ನ ಉಬ್ಬಿದ ಕೆನ್ನೆಗಳನ್ನೇ ನೋಡುತ್ತಿದ್ದಾಳೆ.

"ಬಾಯ್ ತೆಗಿ" ಎಂದಳು. ನಾನು ಇಲ್ಲವೆಂದು ತಲೆಯಾಡಿಸಿದೆ. "ವಾಯ್ ತೊರ!" ಎಂದು ತಮಿಳಿನಲ್ಲಿ ಗದರಿದಳು. "ನೋರು ತೆರು!" ಎಂದು ತೆಲುಗಿನಲ್ಲಿ ಕಾಲು ಕುಟ್ಟಿದಳು. ಕೊನೆಗೆ ಸೊಂಟದ ಮೇಲೆ ಕೈಯಿಟ್ಟು, "ಓಪನ್!" ಅಷ್ಟನ್ನೂ ಬಿಟ್ಟಿಯಾಗಿ, ಒಂದು ಸಲವೂ ಅಂಗೈ ಚಾಚದೆ. ಹೆಂಡತಿ ಓಡಿಬಂದಳು, ಅವ್ವನೂ ಬಂದಳು. ನನ್ನ ಕಣ್ಣಲ್ಲಿ ಸಂತೋಷದಿಂದ ನೀರು ಬಂತು, ಚಾಕಲೇಟು ಗಂಟಲಲ್ಲಿ ಸಿಕ್ಕಿದ್ದೂ ಒಂದು ಕಾರಣ. ಮರ್ಯಾದೆ ಬಿಟ್ಟು ಬಾಯಿ ತೆರೆದೆ. ಮಗಳು ಒಳಗೆ ಇಣುಕಿ, ಬಹಳ ಹೊತ್ತು ನೋಡಿ, "ಹುಳ" ಎಂದಳು.

ಡಾಕ್ಟರಮ್ಮನೂ ನೋಡಿ ಅದನ್ನೇ ಹೇಳಿದರು. ನನ್ನದನ್ನು ಕೀಳಲೇಬೇಕಂತೆ.