ಎರಡು ಹೂಜಿ ನೀರು

ಗಂಜಿ ರುಚಿಯಾಗಿತ್ತು. ಅಮೋಸ್ ಟ್ರಾಂಟರನ ಕಷ್ಟ ಶುರುವಾದದ್ದೇ ಅಲ್ಲಿಂದ.

ಅವನು ಗತಿಯಿಲ್ಲದವರನ್ನು ಇಟ್ಟುಕೊಂಡು ದುಡಿಸುವ, ಊರಿನ ಬಡವರ ದುಡಿಮೆಮನೆಯ ಮೇಲ್ವಿಚಾರಕ. ಭುಜಕ್ಕೆ ಬಡವರೆಂಬ ಕೆಂಪು ಬಟ್ಟೆಯ ಗುರುತು ಹೊಲಿಸಿಕೊಂಡು, ದಿನವಿಡೀ ಹಳೆಯ ಹಗ್ಗ ಬಿಚ್ಚಿ ನಾರು ತೆಗೆಯುವವರಿಗೆ ಮಧ್ಯಾಹ್ನ ಬಟಾಣಿ ಗಂಜಿ. ಹೊರಗಿನ ಹಸಿವೇ ವಾಸಿ ಅನ್ನಿಸುವಷ್ಟು ಅದು ಕೆಟ್ಟದಾಗಿರಬೇಕು ಎಂಬುದು ಆ ಮನೆ ನಡೆಸುವ ಚರ್ಚಿನ ಹಿರಿಯರ ಕಟ್ಟಪ್ಪಣೆ. ಇವತ್ತು ಹಿರಿಯರೇ ರುಚಿ ನೋಡಲು ಬರುವವರಿದ್ದರು. ಚೆನ್ನಾಗಿದ್ದರೆ ಅಮೋಸನ ಕೆಲಸವೂ ಹೋಯಿತು, ಮಲಗುವ ಕೋಣೆಯೂ ಹೋಯಿತು.

ಬೆಳಿಗ್ಗೆ ತಾನೇ ಗಂಜಿಗೆ ಎರಡು ಹೂಜಿ ನೀರು ಸುರಿದಿದ್ದ. ಈಗ ಸೌಟು ಬಾಯಿಗಿಟ್ಟು ಬೆಚ್ಚಿ, ಗಂಜಿ ಬೇಯಿಸುವ ಮುದುಕಿಯ ಕಡೆ ತಿರುಗಿದ.

"ಕೆಜಾಯ ಅಜ್ಜಿ, ಏನ್ ಹಾಕಿದೆ ಇದಕ್ಕೆ?"

"ಕಟುಕನ ಹೆಂಡ್ತಿ ಹತ್ರ ಒಂದು ಹಂದಿ ಮೂಳೆ ಬೇಡ್ಕೊಂಡು ಬಂದೆ ಯಜಮಾನ್ರೇ. ದೊಡ್ಡೋರು ಬರ್ತಾರೆ, ನಿಮ್ ಮಾನ ಹೋಗ್ಬಾರ್ದಲ್ಲ!"

"ಮಾನ ಉಳೀತು, ಅನ್ನ ಹೋಯ್ತು!"

ಮೂಳೆಗಾಗಿ ತಡಕಾಡಿದ. ಅದು ಸಾರವನ್ನೆಲ್ಲ ಬಿಟ್ಟುಕೊಟ್ಟು, ನಿವೃತ್ತ ಗುಮಾಸ್ತನಂತೆ ತಳದಲ್ಲಿ ತಣ್ಣಗೆ ಮಲಗಿತ್ತು. ಅಂಗಳದಲ್ಲಿ ಬೂಟಿನ ಸದ್ದು. ದಿಕ್ಕು ತೋಚದೆ ಒಂದು ಹಿಡಿ ಉಪ್ಪು ಎಸೆದ.

ಬೆಂಚಿನ ಮೇಲಿದ್ದ ಮುದಿ ನಾವಿಕ ಜೆಮ್ ಬಟ್ಟಲಿನಲ್ಲಿ ಬಗ್ಗಿಸಿಕೊಂಡು ಚಪ್ಪರಿಸಿದ. "ಆಹಾ, ಅದೊಂದೇ ಕಮ್ಮಿ ಇತ್ತು ನೋಡಿ!"

ಹಿರಿಯರ ಪೈಕಿ ಹಾಲಿಕ್ ದೊರೆ ಬಂದ, ಭಾವಮೈದುನನನ್ನೂ ಕರೆತಂದಿದ್ದ. ಮೂರು ಬಟ್ಟಲು ಮುಗಿಯುವವರೆಗೆ ಚಮಚದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕೊನೆಗೆ ದೊರೆ ಬಾಯಿ ಒರೆಸಿಕೊಂಡ.

"ನಮ್ಮನೇಲೂ ಇಂಥದ್ದು ಸಿಗಲ್ಲ. ಹಿಂಗಾದ್ರೆ ಊರಿಗೂರೇ ಬಂದು ಇಲ್ಲಿ ಕೂರುತ್ತೆ. ನಿನ್ ಕೆಲಸ ಮುಗೀತು ಕಣಯ್ಯ. ಇನ್ಮೇಲೆ ನನ್ ಭಾವಮೈದ ನೋಡ್ಕೋತಾನೆ."

"ನಾನೆಲ್ಲಿಗೆ ಹೋಗ್ಲಿ ಸ್ವಾಮಿ?"

"ಹುಟ್ಟಿದೂರಿಗೆ ಹೋಗು. ಗತಿಯಿಲ್ಲದೋರ್ನ ಹುಟ್ಟಿದೂರೇ ಸಾಕ್ಬೇಕು, ಕಾನೂನಿದೆ."

"ನಾನು ಹುಟ್ಟಿದ್ದು ಇಲ್ಲೇ, ಸ್ವಾಮಿ."

ದೊರೆ ಬಡವರ ಬೆಂಚಿನ ಕಡೆ ಕೈ ತೋರಿಸಿದ. ಆಮೇಲೆ ಕೆಜಾಯ ಅಜ್ಜಿ ಕೆಂಪು ಬಟ್ಟೆಯ ತುಂಡು, ಸೂಜಿ ತಂದು ಅಮೋಸನ ಭುಜಕ್ಕೆ ಹೊಲಿಯತೊಡಗಿದಳು.

"ಅಲ್ಲಾಡ್ಬೇಡಿ, ಚುಚ್ಚುತ್ತೆ."

ಜೆಮ್ ಬೆಂಚಿನ ಮೇಲೆ ಸರಿದು ಜಾಗ ಮಾಡಿದ. "ಕೂತ್ಕೊಳ್ಳಿ. ಒಂದಿನಾನೂ ನಮ್ ಜೊತೆ ಉಂಡೋರಲ್ಲ ನೀವು. ಇವತ್ತಿನ ಗಂಜಿ ಬಿಡ್ಬಾರ್ದು."

ಅದೂ ನಿಜವೇ. ಅಮೋಸ್ ಬಟ್ಟಲು ಹಿಡಿದು ಒಲೆಯ ಕಡೆ ತಿರುಗಿದ.

ಹೊಸ ಮೇಲ್ವಿಚಾರಕ ಅಂಗಿಯ ತೋಳು ಮಡಚಿಕೊಂಡು, ಪಾತ್ರೆಗೆ ಎರಡನೆಯ ಹೂಜಿ ನೀರು ಸುರಿಯುತ್ತಿದ್ದ.