ಮಾದರಿ ಬೆಂಚು

"ಪಾರ್ಕಿನ ಒಂದು ಬೆಂಚಿಗೆ ಮಾದರಿ ಬಣ್ಣ ಹಚ್ಚು. ಸುತ್ತಲಿನವರು ಒಪ್ಪಬೇಕು. ನಾಲ್ಕೂವರೆಗೆ ಬಂದು ಸಹಿ ಹಾಕ್ತೀನಿ" ಎಂದು ಇಂಜಿನಿಯರ್ ಹೇಳಿಹೋಗಿದ್ದ. ಪೇಂಟರನ ತಲೆನೋವಿಗೆಲ್ಲ ಆ ನಡುವಿನ ಮಾತೇ ಮೂಲ.

ಐದಕ್ಕೆ ಬಸ್ಸು. ಹೆಂಡತಿಯ ತಂಗಿ ಹೆತ್ತು ಮೂರು ವಾರವಾಗಿತ್ತು. ಮಗು ನೋಡಲು ಹೋಗುವುದನ್ನು ಅವನು ಎರಡು ಸಲ ತಪ್ಪಿಸಿದ್ದ. "ಇವತ್ತೂ ತಪ್ಪಿದ್ರೆ ಆ ಮಗುನೇ ನಡ್ಕೊಂಡು ನಮ್ಮನ್ನ ನೋಡೋಕೆ ಬರುತ್ತೆ" ಅಂದಿದ್ದಳು ಹೆಂಡತಿ. ಸಹಿ ಆಗದೆ ಹೊರಟರೆ ಉಳಿದ ಹನ್ನೊಂದು ಬೆಂಚು ಬೇರೆಯವನ ಪಾಲು.

ಕಚೇರಿ ಕೊಟ್ಟಿದ್ದು ಹಳದಿ. ಬಳಿದು ಮುಗಿಸುವಷ್ಟರಲ್ಲಿ ಎದುರಂಗಡಿಯ ಟೈಲರ್ ಕತ್ತರಿ ಹಿಡಿದೇ ಬಂದ.

"ಏನಣ್ಣಾ ಇದು, ಬಿಸಿಲು ಇದರ ಮೇಲೆ ಬಿದ್ದು ನನ್ನ ಕಣ್ಣಿಗೇ ಹೊಡೀತಿದೆ. ಸೂಜಿಗೆ ದಾರ ಪೋಣಿಸೋದು ಹೇಗೆ? ಹಸಿರು ಮಾಡು."

ಹಸಿರಿನ ಡಬ್ಬಿ ಇರಲಿಲ್ಲ. ಉಯ್ಯಾಲೆಗೆಂದು ತಂದ ನೀಲಿಯನ್ನು ಹಸಿ ಹಳದಿಯ ಮೇಲೆಯೇ ಎಳೆದ. ಹಸಿರಾಯಿತು. ಮನಸ್ಸಿನಲ್ಲೇ ಬೆನ್ನು ತಟ್ಟಿಕೊಳ್ಳುವಾಗ ನಿವೃತ್ತ ಮೇಷ್ಟ್ರು ಕೋಲೂರಿಕೊಂಡು ಬಂದರು.

"ಹುಲ್ಲು ಹಸಿರು, ಗಿಡ ಹಸಿರು, ಬೆಂಚೂ ಹಸಿರು. ನಾಳೆ ನಾನು ಎಡವಿ ಬಿದ್ದರೆ ಎತ್ತೋಕೆ ನೀನು ಬರ್ತೀಯೇನೋ?"

"ಮತ್ತೆ ಯಾವುದು ಬೇಕು ಮೇಷ್ಟ್ರೇ?"

ಉತ್ತರ ಕೊಟ್ಟದ್ದು ಪಕ್ಕದ ಮನೆ ಅಜ್ಜಿ. "ಕೆಂಪು ಬಳಿಯಪ್ಪಾ. ನನ್ನ ಕಣ್ಣಿಗೆ ದೂರದಿಂದ ಕಾಣೋದು ಅದೊಂದೇ."

ಗಂಟೆ ಮೂರೂವರೆ. ಒಣಗಲು ಕಾಯುವ ಹೊತ್ತಲ್ಲ. ಹಲ್ಲು ಕಚ್ಚಿ, ಗೇಟಿಗೆಂದು ತಂದ ಕೆಂಪನ್ನು ಹಸಿ ಹಸಿರಿನ ಮೇಲೆ ಎಳೆದ. ಮೂರೂ ಕಲಸಿಕೊಂಡು ಬೆಂಚು ಕೆಸರಿನಲ್ಲಿ ಹೊರಳಿದ ಎಮ್ಮೆಯ ಬಣ್ಣಕ್ಕೆ ಬಂತು. ಬೆಳಿಗ್ಗೆ ಉಜ್ಜಿ ಕೆರೆದು ತೆಗೆದ ಹಳೇ ಬಣ್ಣವೂ ಇದೇ.

ಮೂವರೂ ಮಾತ್ರ ತಲೆದೂಗಿದರು. "ಈಗ ನೋಡು, ನಮ್ಮ ಬೆಂಚಿನ ಹಾಗಿದೆ" ಅಂದರು ಮೇಷ್ಟ್ರು.

ಇಂಜಿನಿಯರ್ ಬಂದವನು ಬೆಂಚು ನೋಡಿದ, ಗಡಿಯಾರ ನೋಡಿದ. "ಏನಯ್ಯಾ, ಇನ್ನೂ ಶುರುನೇ ಮಾಡಿಲ್ವಾ?"

"ಮೂರು ಕೋಟ್ ಬಳಿದಿದೀನಿ ಸಾರ್. ನನ್ನ ಕೈ ನೋಡಿ."

"ನಿನ್ನ ಕೈ ಹುಟ್ಟಿದಾಗಿಂದ ಹಾಗೇ ಇರಬೇಕು."

"ಬೆಂಚು ಮುಟ್ಟಿ ನೋಡಿ ಸಾರ್."

"ಧೂಳು ಮುಟ್ಟೋಕೆ ಬಂದಿದೀನಾ ನಾನು?"

ಪೇಂಟರ್ ಮೂವರ ಕಡೆ ಆಸೆಯಿಂದ ತಿರುಗಿದ. "ನೀವಾದ್ರೂ ಹೇಳಿ."

"ಮೊದಲಿಂದಲೂ ಇದೇ ಬಣ್ಣ ಸಾರ್. ಹೀಗೇ ಇರಲಿ" ಅಂದ ಟೈಲರ್, ತುಂಬ ಉಪಕಾರ ಮಾಡುವವನಂತೆ.

ಇಂಜಿನಿಯರ್ ಪೆನ್ನನ್ನು ಜೇಬಿಗೆ ಸಿಕ್ಕಿಸಿದ. ಅಷ್ಟರಲ್ಲಿ ಬೆನ್ನ ಹಿಂದಿನಿಂದ ದನಿ ಬಂತು. "ರೀ, ಬಸ್ಸಿನ ಹೊತ್ತಾಯ್ತು. ಎಷ್ಟು ಅಂತ ಕೂತು ಕಾಯ್ಲಿ?"

ಎಲ್ಲರೂ ತಿರುಗಿದರು. ಮಾತಿನ ನಡುವೆ ಯಾವಾಗಲೋ ಬಂದ ಹೆಂಡತಿ ಚೀಲ ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಆರಾಮಾಗಿ ಕೂತಿದ್ದಳು. ಹದಿನೈದು ವರ್ಷ ಪೇಂಟರನ ಜೊತೆ ಬಾಳಿದ ಮೂಗಿಗೆ ಬಣ್ಣದ ವಾಸನೆ ತಿಳಿಯುವುದೆಲ್ಲಿ? ತಂಗಿ ಮುಂದೆ ತೊಡಲೆಂದೇ ಹೊಲಿಸಿದ ಬಿಳೀ ಬಟ್ಟೆ ಬೇರೆ.

ಅವಳು ಎದ್ದು ನಿಂತಳು. ಬೆನ್ನಿನಿಂದ ಕೆಳಗಿನವರೆಗೆ, ಬೆಂಚಿನ ಒಂದೊಂದು ಪಟ್ಟಿಯೂ ಲೆಕ್ಕ ತಪ್ಪದೆ ಮೂಡಿತ್ತು.

"ಓ, ಬಳಿದಿದೀಯ" ಅಂದ ಇಂಜಿನಿಯರ್, ಪೆನ್ನು ತೆಗೆದು ಸಹಿ ಹಾಕಿದ.

ಗೇಟಿನ ಮುಂದೆ ಬಸ್ಸು ಬಂತು, ನಿಂತಿತು, ಹೋಯಿತು. ಹೆಂಡತಿ ಕತ್ತು ತಿರುಗಿಸಿ ಬೆನ್ನು ನೋಡಿಕೊಂಡಳು, ಆಮೇಲೆ ಗಂಡನನ್ನು.

"ಇದಕ್ಕಿನ್ನು ಯಾವ ಬಣ್ಣ ಬಳೀತೀರ? ಅದನ್ನೂ ನಾಲ್ಕು ಜನರನ್ನ ಕೇಳ್ಕೊಂಡೇ ಬನ್ನಿ."

ಪೇಂಟರ್ ಬಾಯಿ ತೆರೆಯುವ ಮೊದಲೇ ಅಜ್ಜಿ ಕನ್ನಡಕ ಸರಿಮಾಡಿಕೊಂಡರು.

"ಕೆಂಪೇ ಇರಲಿ ಕಣಮ್ಮಾ."