ಚಪ್ಪಲಿಗೊಂದು ಟೋಕನ್, ಕಾರಿಗೊಂದು ಟೋಕನ್

ದೇವಸ್ಥಾನಕ್ಕೆ ಹೋದರೆ ಒಂದು ಚಪ್ಪಲಿಯನ್ನು ಕಂಬದ ಹತ್ತಿರ, ಇನ್ನೊಂದನ್ನು ಆಚೆಯ ಬೇವಿನ ಬುಡದಲ್ಲಿ ಬಿಟ್ಟು ಒಳಗೆ ಹೋಗುವವರ ಪೈಕಿ ನಾನು. ಒಂಟಿ ಚಪ್ಪಲಿಯನ್ನು ಯಾವ ಕಳ್ಳನೂ ಮುಟ್ಟುವುದಿಲ್ಲ ಎಂಬುದು ನಮ್ಮ ಮಡಕಶಿರದ ಕಡೆಯ ನಂಬಿಕೆ. ಟೋಕನ್ ಕೊಟ್ಟು ಚಪ್ಪಲಿ ಕಾಯುವವರು ಬಂದಮೇಲೂ ನಾನು ಈ ಪದ್ಧತಿ ಬಿಟ್ಟಿಲ್ಲ. ಅದು ಕೈಕೊಟ್ಟಿದ್ದು ಒಮ್ಮೆ ಮಾತ್ರ, ಎರಡನೆಯದನ್ನು ಎಲ್ಲಿಟ್ಟೆನೆಂದು ನಾನೇ ಮರೆತಾಗ. ಇಂಥವನ ಮುಂದೆ ಗುರುತು ಪರಿಚಯವಿಲ್ಲದವನೊಬ್ಬ ಕೈಚಾಚಿ ಕಾರಿನ ಕೀ ಕೇಳಿದರೆ ಏನು ಗತಿ? ಕಾರನ್ನು ಅರ್ಧ ಇಲ್ಲಿ, ಅರ್ಧ ಅಲ್ಲಿ ಬಿಡುವ ಅನುಕೂಲವನ್ನು ಯಾವ ಕಂಪನಿಯೂ ಇನ್ನೂ ಮಾಡಿಕೊಟ್ಟಿಲ್ಲ.

ಕಾರು ನನ್ನದೂ ಅಲ್ಲ, ನನ್ನ ಹೆಂಡತಿ ಸುಮಿತ್ರಳದು. ಅಗಳಿಯ ಶಾಲೆಯಲ್ಲಿ ಮೇಡಂ ಆಗಿದ್ದಳು. ಬಸ್ಸು, ಆಟೋಗಳಿಗೆ ಕಾದು ಬೇಸತ್ತು, ತಾನೇ ಕಲಿತು, ತಾನೇ ಕೊಂಡ ಸಣ್ಣ ಕಾರು. ಆಳು ಗಿಡ್ಡ; ಸೀಟನ್ನು ಸ್ಟೀರಿಂಗಿಗೆ ಅಂಟುವಷ್ಟು ಮುಂದಕ್ಕೆ ಎಳೆದುಕೊಂಡು, ಕತ್ತು ನೀಡಿ ರಸ್ತೆ ನೋಡುತ್ತಿದ್ದಳು. ನಾನು ಎಡಗಡೆ ಕೂತು, ಕಿಟಕಿಯ ಮೇಲಿನ ಹಿಡಿಗೆ ಜೋತುಬಿದ್ದು, ಎದುರಿಗೆ ಲಾರಿ ಕಂಡಾಗಲೆಲ್ಲ "ನಿಧಾನ, ನಿಧಾನ" ಅನ್ನುತ್ತಿದ್ದೆ. ರಾಯದುರ್ಗದ ಹೆಣ್ಣು, ಸುಮ್ಮನಿರುತ್ತಾಳೆಯೇ? "ಹಂಗಾದ್ರ ನೀವ ಓಡಸ್ರಿ! ಬರಂಗಿಲ್ಲಂದ್ರ ಸುಮ್ನ ಕುಂದ್ರಿ" ಎನ್ನುತ್ತಿದ್ದಳು. ನಾನು ಸುಮ್ಮನೆ ಕೂರುತ್ತಿದ್ದೆ, ಮುಂದಿನ ಲಾರಿಯವರೆಗೆ.

ಹೋದ ವರ್ಷ ಅವಳು ತೀರಿಕೊಂಡಳು. ಆಮೇಲೆ ನಾನು ಕಾರು ಕಲಿತೆ. ನಾನು ಉದ್ದನೆಯ ಆಸಾಮಿ; ಕಲಿಸಲು ಬಂದವನು ಮೊದಲ ದಿನವೇ, "ಸಾರ್, ಕಪ್ಪೆ ಕುಂತಂಗೆ ಕುಂತಿದೀರಲ್ಲ, ಸೀಟು ಹಿಂದಕ್ಕಾಕ್ಕಳಿ" ಎಂದ. ಅಡಿಯಲ್ಲಿರುವ ಸರಳನ್ನು ಎತ್ತಿ ತಳ್ಳಿದರೆ ಆಯಿತು, ಗೊತ್ತು. ಆದರೆ ಅವಳ ಸೀರೆಗಳನ್ನು ನಾದಿನಿಯರು ಕೊಂಡೊಯ್ದರು, ಅವಳು ಹಾಕಿಟ್ಟ ಉಪ್ಪಿನಕಾಯಿ ತಳ ಕಂಡಿತು, ಗೋಡೆಯ ಕ್ಯಾಲೆಂಡರು ಬದಲಾಯಿತು. ಅವಳು ಇಟ್ಟ ಹಾಗೇ ಉಳಿದಿರುವುದು ಆ ಸೀಟು ಒಂದೇ. ಹಾಗಾಗಿ ನಾನು ಕಪ್ಪೆಯಾಗಿಯೇ ಓಡಿಸುತ್ತೇನೆ. ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತೇನೆ. ಕೇಳಿದವರಿಗೆ ವಯಸ್ಸಾಯಿತು ಎನ್ನುತ್ತೇನೆ.

ಮೊನ್ನೆ ಅವಳ ತಮ್ಮ ವೀರೇಶನ ಮಗಳ ಮದುವೆ. ರಾಯದುರ್ಗದವರೆಗೆ ಒಬ್ಬನೇ ಹೋದೆ. ದಾರಿಯಲ್ಲಿ ಚಹಾ ಕುಡಿಯಲು ನಿಲ್ಲಿಸಿದಾಗ ಬಾಯಿತಪ್ಪಿ ಎರಡು ಹೇಳಿ, ಎರಡನ್ನೂ ಕುಡಿದೆ. ಬಳ್ಳಾರಿ ರಸ್ತೆಯ ಹೊಸ ಕಲ್ಯಾಣ ಮಂಟಪ. ಬಾಗಿಲಲ್ಲಿ ಕೆಂಪು ಕೋಟು, ಬಿಳಿ ಕೈಗವಸು ತೊಟ್ಟ ನಡುವಯಸ್ಸಿನವನೊಬ್ಬ ಟೋಕನ್ ಹಿಡಿದು ನಿಂತಿದ್ದ. ಹೆಸರು ತಿಪ್ಪೇಸ್ವಾಮಿ; ಉಳಿದ ದಿನ ಜೀನ್ಸ್ ಹೊಲಿಯುತ್ತಾನಂತೆ, ಮುಹೂರ್ತವಿದ್ದ ದಿನ ಇದು. ನನಗಿಂತ ಗೇಣುದ್ದ ಎತ್ತರ. ಅವನ ಕಾಲಿನ ಉದ್ದ ನೋಡಿದ್ದೇ ನನಗೆ ಸೀಟಿನ ಚಿಂತೆ ಹತ್ತಿತು.

"ಕೀ ಕೊಟ್ಟು ಒಳಗ ಹೋಗ್ರಿ ಸಾರ್, ನಾ ನಿಲ್ಲಸ್ತೀನಿ."

"ನಾನೂ ಬತ್ತೀನಿ."

"ಎಲ್ಲಿಗ್ರಿ?"

"ನೀವು ನಿಲ್ಸೋ ಜಾಗಕ್ಕೆ."

"ಯಾಕ್ರಿ, ನಂಬಿಕಿ ಇಲ್ಲೇನು?"

"ನಂಬಿಕೆ ಐತೆ. ಸೀಟು ಮಾತ್ರ ಮುಟ್ಬ್ಯಾಡಿ."

ಅವನು ನನ್ನನ್ನು ಒಮ್ಮೆ, ಸೀಟನ್ನು ಒಮ್ಮೆ ನೋಡಿ, ದೇವರನ್ನು ನೆನೆದು ಒಳಗೆ ಮಡಚಿಕೊಂಡ. ನಾನು ಸುತ್ತಿ ಬಂದು ಎಡಗಡೆ ಕೂತೆ. ಕಾರು ಹೊರಟಿತು. "ಸಾರ್, ನನ್ನ ಮೊಣಕಾಲ ಹಾರ್ನ್ ಹೊಡಿತಾವ್ರಿ!" ಎಂದ. ಹೊಡೆಯುತ್ತಲೂ ಇದ್ದವು; ಜನ ದಾರಿ ಬಿಟ್ಟರು. ತಿರುವಿನಲ್ಲಿ ಟ್ರ್ಯಾಕ್ಟರು ಎದುರಾಯಿತು. ನನ್ನ ಕೈ ತಾನಾಗಿ ಮೇಲಿನ ಹಿಡಿ ಹಿಡಿಯಿತು, ಬಾಯಿ ತಾನಾಗಿ "ನಿಧಾನ, ನಿಧಾನ" ಅಂದಿತು. ಆಗ ಹೊಳೆಯಿತು: ಅವಳು ಹೋದಮೇಲೆ ನಾನು ಈ ಕಡೆ ಕೂತಿದ್ದು ಇದೇ ಮೊದಲು. ಸುಮ್ಮನೆ ಕೂರಿ ಎಂದು ಯಾರಾದರೂ ಗದರಲಿ ಎಂದು ಕಾದೆ. ತಿಪ್ಪೇಸ್ವಾಮಿ ಮರ್ಯಾದಸ್ಥ, "ಹೌದ್ರಿ ಸಾರ್" ಎಂದುಬಿಟ್ಟ.

ಬಯಲಿನಲ್ಲಿ ಕಾರು ನಿಲ್ಲಿಸಿ, ಒಂದೊಂದೇ ಕಾಲನ್ನು ಹೊರಗೆಳೆದುಕೊಂಡು, "ಇದನ್ನ ಮನಿಯಾಗ ಅಮ್ಮಾರು ಓಡಸ್ತಾರೇನ್ರಿ?" ಎಂದು ಕೇಳಿದ.

"ಹೂಂ, ಅವರೇ."

"ಮುಂದಿನ ಸಲ ಅವರನ್ನ ಕರ್ಕೊಂಡು ಬರ್ರಿ. ನಿಮಗೂ ಆರಾಮ, ನನಗೂ ಆರಾಮ."

ಆಗಲಿ ಎಂದೆ. ಟೋಕನ್ ಜೇಬಿಗಿಟ್ಟುಕೊಂಡು ಒಳಗೆ ನಡೆದೆ.

ಹುಡುಗಿಯ ತಲೆಗೆ ಅಕ್ಷತೆ ಹಾಕಿ, ಊಟ ಮುಗಿಸಿ ಹೊರಬಂದೆ. ಬಾಗಿಲಲ್ಲೇ ನಿಂತು ಟೋಕನ್ ಕೊಡುವುದು ಪದ್ಧತಿ. ನಾನು ಬಯಲಿಗೇ ನಡೆದು ಹೋದೆ. ತಿಪ್ಪೇಸ್ವಾಮಿ ನಗುತ್ತ ಜೊತೆಗೆ ಬಂದು, ಕೇಳದೆಯೇ ಎಡಗಡೆಯ ಬಾಗಿಲು ತೆಗೆದ. ಹಾರ್ನ್ ಹೊಡೆಯುತ್ತಲೇ ಮಂಟಪದ ಮುಂದೆ ತಂದು ನಿಲ್ಲಿಸಿ, ಕೀ ಬಿಟ್ಟು ಇಳಿದು ಹೋದ. ನಾನು ಕೂತೇ ಇದ್ದೆ. ತಾಂಬೂಲದ ಚೀಲ ಕೊಡಲು ಬಂದ ವೀರೇಶ ಕಿಟಕಿಗೆ ಬಗ್ಗಿದ.

"ಭಾವಾ, ಆ ಕಡಿ ಯಾಕ ಕುಂತೀರಿ? ಯಾರಿಗೆ ಕಾಯಾಕತ್ತೀರಿ?"

"ಡ್ರೈವರ್ ಬರ್ಲಿ ಅಂತ" ಎಂದೆ.

ಅವನು ನಗಲು ಹೋದ. ಸೀಟು ಕಂಡಿತು, ನಗಲಿಲ್ಲ. ಚೀಲವನ್ನು ನನ್ನ ತೊಡೆಯ ಮೇಲಿಟ್ಟು ಕಿಟಕಿಯ ಅಂಚು ಹಿಡಿದು ನಿಂತ. ಹಿಂದಿನ ಕಾರಿನವನಿಗೆ ಅಷ್ಟು ತಾಳ್ಮೆಯಿರಲಿಲ್ಲ, ಒಂದೇ ಸಮನೆ ಹಾರ್ನ್ ಒತ್ತಿದ. ಇಳಿದು, ಸುತ್ತಿ ಹೋಗಿ, ಬಲಗಡೆ ಮಡಚಿಕೊಂಡೆ. ನೀವೇ ಓಡಿಸಿ ಎಂದು ಅಷ್ಟು ವರ್ಷ ಹೇಳಿದಳಲ್ಲ, ಕೊನೆಗೂ ಅವಳ ಮಾತು ಕೇಳುತ್ತಿದ್ದೇನೆ. ಮೊಣಕಾಲು ಮಾತ್ರ ಇನ್ನೂ ಎದುರಾಡುತ್ತದೆ.